ಲ್ಯಾಟಿನ್ನಿಗೆ ಹೋದ ಕೊಳೆರೋಗ

1876ರಲ್ಲಿ ಮೊರ್ಡೆಕಾಯ್ ಕ್ಯೂಬಿಟ್ ಕುಕ್ ಎಂಬ ಇಂಗ್ಲಿಷ್ ಶಿಲೀಂಧ್ರ ತಜ್ಞರು ಮೈಸೂರು ಸೀಮೆಯಿಂದ ಬಂದ ಕಾಫಿ ಎಲೆಗಳ ಮೇಲಿನ ಒಂದು ಬೂಷ್ಟಿಗೆ ಹೆಸರಿಟ್ಟರು. ಅವರಾಗ ಲಂಡನ್ನಿನ ಇಂಡಿಯಾ ಮ್ಯೂಸಿಯಂನಲ್ಲಿ ಕೆಲಸಕ್ಕಿದ್ದರು. ತಾವೇ ಹೊರಡಿಸುತ್ತಿದ್ದ 'ಗ್ರೆವಿಲಿಯಾ' ಎಂಬ ಪತ್ರಿಕೆಯಲ್ಲಿ ಆ ಹೆಸರನ್ನು ಅಚ್ಚು ಹಾಕಿದರು: ಪೆಲಿಕ್ಯುಲೇರಿಯಾ ಕೊಲೆರೋಗಾ. ಮೊದಲ ಪದ ಲ್ಯಾಟಿನ್ನಿನದು, ತೆಳ್ಳನೆಯ ಪೊರೆ ಎಂಬ ಅರ್ಥದ್ದು. ಎರಡನೆಯದು ಕನ್ನಡ. ಳಕಾರ ಲಕಾರವಾಯಿತು, ಕೊನೆಯ ಸ್ವರ ಎಳೆದುಕೊಂಡಿತು. ಅಷ್ಟು ಬಿಟ್ಟರೆ ಅದು ನಮ್ಮ ಮಲೆನಾಡಿನವರು ಮಳೆಗಾಲದಲ್ಲಿ ಬೈದುಕೊಳ್ಳುತ್ತಲೇ ಹೇಳುವ ಕೊಳೆರೋಗ.

ಸಸ್ಯಗಳ, ಪ್ರಾಣಿಗಳ ಶಾಸ್ತ್ರೀಯ ಹೆಸರುಗಳಲ್ಲಿ ನಮ್ಮ ಊರುಗಳು ಸಿಗುವುದು ಅಪರೂಪವಲ್ಲ. ಆದರೆ ಸೋತ ಬೆಳೆಗಾರನೊಬ್ಬ ತೋಟದಲ್ಲಿ ನಿಂತು ಆಡುವ ಮಾತು ಹಾಗೇ ಲ್ಯಾಟಿನ್ನಿನ ಪಕ್ಕದಲ್ಲಿ ಹೋಗಿ ಕೂರುವುದು ಅಪರೂಪ. ಶಾಸ್ತ್ರದ ನಿಯಮದಂತೆ ಆ ಹೆಸರಿನ ಮುಂದೆ 'ಕುಕ್' ಎಂದು ಬರೆಯಬೇಕು, ಏಕೆಂದರೆ ಹೆಸರು ಪ್ರಕಟಿಸಿದವರು ಅವರು. ಅವರಿಗಿಂತ ಮೊದಲು ಅದನ್ನು ಆಡಿದವರಿಗೆ ಆ ನಿಯಮದಲ್ಲಿ ಜಾಗವಿಲ್ಲ. ಹಾಗೆಂದು ಇದು ಕದ್ದ ಹೆಸರಿನ ಕಥೆಯಲ್ಲ. ಹೊಸದೊಂದನ್ನು ಕಟ್ಟಬಹುದಾಗಿದ್ದ ಕುಕ್ ಇದ್ದ ಹೆಸರನ್ನೇ ಉಳಿಸಿಕೊಂಡರು. ನನಗೆ ಕುತೂಹಲ ಇರುವುದು ಬೇರೆಯದರಲ್ಲಿ. ಒಂದು ರೋಗಕ್ಕೆ ತೋಟದವರು ಇಡುವ ಹೆಸರಿನಲ್ಲಿ ಏನಿರುತ್ತದೆ, ವಿಜ್ಞಾನಿ ಇಡುವ ಹೆಸರಿನಲ್ಲಿ ಏನಿರುತ್ತದೆ, ಒಂದು ಇನ್ನೊಂದರ ಕೆಲಸವನ್ನು ಮಾಡಬಲ್ಲದೇ?

ನಾನಿರುವುದು ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ. ಇಲ್ಲಿ ಮನೆಗಳಿಗಿಂತ ಪೀಜಿಗಳು ಹೆಚ್ಚು. ಪೀಜಿಗಳ ತುಂಬ ಕಾಲೇಜು ಹುಡುಗ ಹುಡುಗಿಯರು. ಅವರಲ್ಲಿ ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆಯವರು ಸಾಕಷ್ಟು. ಮುಂಗಾರು ಜೋರಾದ ವಾರಗಳಲ್ಲಿ ದರ್ಶಿನಿಯ ಮುಂದೆ ಕಾಫಿ ಲೋಟ ಹಿಡಿದು ನಿಂತರೆ ಪಕ್ಕದಲ್ಲಿ ಯಾರಾದರೂ ಫೋನಿನಲ್ಲಿ ಅಪ್ಪನ ಹತ್ತಿರ ಮಾತಾಡುತ್ತಿರುತ್ತಾರೆ. ಮಳೆ ಎಷ್ಟು ಇಂಚು, ಕರೆಂಟು ಬಂತಾ, ಕೊಳೆ ಬಂದಿದೆಯಾ. ಈ ಮೂರನೆಯ ಪ್ರಶ್ನೆಯನ್ನು ಕೇಳುವವರ ಕಾಲೇಜು ಫೀಸು ಅದರ ಉತ್ತರದ ಮೇಲೆ ನಿಂತಿರುತ್ತದೆ. ಇತಿಹಾಸ ಓದಿದವನಾದ ನನಗೆ ಕಾಫಿಯ ಹಳೆಯ ಬರಹಗಳಲ್ಲಿ ಅದೇ ಪದ ಲ್ಯಾಟಿನ್ ವೇಷದಲ್ಲಿ ಎದುರಾದಾಗ, ಅದನ್ನು ಬೆನ್ನು ಹತ್ತಬೇಕು ಅನ್ನಿಸಿತು.

ಮೊದಲು ರೋಗವನ್ನು ನೋಡೋಣ. ಕಾಫಿಯ ಕೊಳೆರೋಗ ಬರುವುದು ಮಳೆ ಹಿಡಿದು ಕೂತ ದಿನಗಳಲ್ಲಿ, ಗಾಳಿಯಾಡದ ಕಣಿವೆಗಳಲ್ಲಿ, ಮಂಜು ಬೇಗ ಕರಗದ ಜಾಗಗಳಲ್ಲಿ. ಗಿಡದ ರೆಕ್ಕೆಗಳ ಮೇಲೆ ಬಿಳಿಯ ದಾರದಂಥ ಎಳೆಗಳು ಹರಿಯುತ್ತವೆ. ಅವು ಎಲೆಯ ಅಡಿಭಾಗಕ್ಕೆ ತಲುಪಿ ತೆಳ್ಳಗೆ ಜೇಡರ ಬಲೆಯ ಹಾಗೆ ಹರಡುತ್ತವೆ. ಎಲೆ ಕಪ್ಪಾಗುತ್ತದೆ, ಕೊಳೆಯುತ್ತದೆ, ತೊಟ್ಟು ಕಳಚುತ್ತದೆ. ಆದರೆ ನೆಲಕ್ಕೆ ಬೀಳುವುದಿಲ್ಲ. ಅದೇ ಶಿಲೀಂಧ್ರದ ಎಳೆ ಅದನ್ನು ಕೊಂಬೆಗೆ ಕಟ್ಟಿ ಹಿಡಿದಿರುತ್ತದೆ. ಕಪ್ಪು ಎಲೆಗಳು ದಾರಕ್ಕೆ ಪೋಣಿಸಿದಂತೆ ನೇತಾಡುವ ಗಿಡವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಎಲೆಯ ಜೊತೆಗೆ ಎಳೆಯ ಕಾಯಿಗಳೂ ಕಪ್ಪಾಗಿ ಹೋಗುತ್ತವೆ.

ಇದೇ ರೋಗ ಲ್ಯಾಟಿನ್ ಅಮೆರಿಕದ ಕಾಫಿ ತೋಟಗಳಲ್ಲೂ ಇದೆ. ಸ್ಪ್ಯಾನಿಷ್ ಮಾತಾಡುವ ಬೆಳೆಗಾರರು ಅದನ್ನು 'ಮಾಲ್ ದೆ ಹಿಲಾಚಾಸ್' ಅನ್ನುತ್ತಾರೆ. ಎಳೆ ಎಳೆಯಾಗಿ ಬಿಚ್ಚಿದ ದಾರದ ಕಾಯಿಲೆ ಎಂದು ಅರ್ಥ. ಅವರ ಕಣ್ಣಿಗೆ ಮೊದಲು ಬಿದ್ದದ್ದು ದಾರ. ಮೆಡಿಟರೇನಿಯನ್ ಕಡೆಯ ಆಲಿವ್ ಮರಗಳಿಗೂ ಒಂದು ಎಲೆರೋಗವಿದೆ. ಎಲೆಯ ಮೇಲೆ ದುಂಡಗೆ, ಒಂದರೊಳಗೊಂದು ಬಳೆಗಳಿರುವ ಕಲೆಗಳು ಮೂಡುತ್ತವೆ. ಇಟಲಿಯವರು ಅದನ್ನು ನವಿಲುಗಣ್ಣು ಎಂದು ಕರೆದರು. 1845ರಲ್ಲಿ ಕಸ್ಟಾನ್ಯ್ ಎಂಬ ಫ್ರೆಂಚ್ ತಜ್ಞರು ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟಾಗ ಆ ನವಿಲು ಒಳಗೆ ಬರಲಿಲ್ಲ. ಬಳೆಯಾಕಾರದ್ದು, ಎಣ್ಣೆಮರದ್ದು ಎಂಬರ್ಥದ ಪದಗಳಷ್ಟೇ ಬಂದವು. ದಾರ, ನವಿಲುಗಣ್ಣು ಇವೆಲ್ಲ ನೋಟದ ಹೆಸರುಗಳು. ಕೊಳೆರೋಗ ಹಾಗಲ್ಲ. ಅದು ಎಲೆ ಹೇಗೆ ಕಾಣುತ್ತದೆ ಎಂದು ಹೇಳುವುದಿಲ್ಲ, ಎಲೆಗೆ ಏನಾಗುತ್ತಿದೆ ಎಂದು ಹೇಳುತ್ತದೆ. ಕೊಳೆಯಲು ನೀರು ಬೇಕು, ತೇವ ನಿಲ್ಲಬೇಕು, ಬಿಸಿಲು ಕಾಣಬಾರದು. ಇಷ್ಟೂ ಆ ಒಂದು ಧಾತುವಿನೊಳಗೆ ಇದೆ.

ಕುಕ್ ಹೆಸರಿಟ್ಟ ಕಾಲ ಕಾಫಿಗೆ ಒಳ್ಳೆಯ ಕಾಲವಲ್ಲ. ಬಾಬಾಬುಡನ್ ಅರಬ್ಬರ ನಾಡಿನಿಂದ ಏಳು ಬೀಜ ತಂದರು ಎಂಬ ಐತಿಹ್ಯ ಹದಿನೇಳನೆಯ ಶತಮಾನದ್ದು. ದೊಡ್ಡ ತೋಟಗಳು ಎದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1860ರ ದಶಕದಲ್ಲಿ ಕಾಂಡ ಕೊರೆಯುವ ಹುಳು ಮೈಸೂರು, ಕೊಡಗಿನ ತೋಟಗಳನ್ನು ಹಣ್ಣು ಮಾಡಿತು. ಅದರ ಬೆನ್ನಿಗೇ ಸಿಲೋನಿನಲ್ಲಿ ಎಲೆತುಕ್ಕು ಕಾಣಿಸಿಕೊಂಡಿತು. 1869ರಲ್ಲಿ ಬರ್ಕ್ಲಿ ಮತ್ತು ಬ್ರೂಮ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ ಅದಕ್ಕೆ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟರು. ಹೆಮಿಲಿಯಾ ಅಂದರೆ ಅರ್ಧ ನುಣುಪು, ಸೂಕ್ಷ್ಮದರ್ಶಕದಲ್ಲಿ ಅದರ ಬೀಜಾಣುವಿನ ಒಂದು ಮಗ್ಗುಲು ನುಣ್ಣಗೆ, ಇನ್ನೊಂದು ಮಗ್ಗುಲು ಮುಳ್ಳುಮುಳ್ಳಾಗಿ ಕಾಣುತ್ತದೆ. ವಾಸ್ಟಾಟ್ರಿಕ್ಸ್ ಅಂದರೆ ಹಾಳುಗೆಡಹುವವಳು. ಹೆಸರು ಸುಳ್ಳಾಗಲಿಲ್ಲ. ಎರಡು ದಶಕದೊಳಗೆ ಸಿಲೋನಿನ ಕಾಫಿ ಮುಗಿದು ಚಹಾ ಬಂತು. ಅದರ ನಡುವೆ, 1880ರಿಂದ 82ರವರೆಗೆ, ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಯುವ ವಿಜ್ಞಾನಿ ಅಲ್ಲೇ ಇದ್ದು ಆ ಶಿಲೀಂಧ್ರದ ಬದುಕನ್ನು ಹಂತ ಹಂತವಾಗಿ ಬರೆದಿಟ್ಟರು. ರೋಗ ತಿಳಿಯಿತು, ತೋಟ ಉಳಿಯಲಿಲ್ಲ.

ಮೈಸೂರು ಸೀಮೆಗೂ ತುಕ್ಕು ಬಂತು, ಆದರೆ ಕಾಫಿ ನಿಂತಿತು. ಅದಕ್ಕೆ ಕೊಡುವ ಕಾರಣಗಳಲ್ಲಿ ಮುಖ್ಯವಾದದ್ದು ನೆರಳು. ಇಲ್ಲಿನ ಕಾಫಿ ಕಾಡುಮರಗಳ ಕೆಳಗೆ ಬೆಳೆಯಿತು. ಮಂಜರಾಬಾದ್ ಕಡೆಯ ಪ್ಲಾಂಟರ್ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ನೆರಳಿನ ಪರವಾಗಿ ಪುಟಗಟ್ಟಲೆ ವಾದಿಸಿದ್ದಾರೆ. ಆದರೆ ನೆರಳು ದಟ್ಟವಾದರೆ ತೇವ ಆರುವುದಿಲ್ಲ, ತೇವ ಆರದಿದ್ದರೆ ಕೊಳೆ. ಒಂದು ರೋಗಕ್ಕೆ ಕೊಡೆ ಹಿಡಿದ ಮರವೇ ಇನ್ನೊಂದು ರೋಗಕ್ಕೆ ಮನೆ ಮಾಡಿಕೊಡುತ್ತದೆ. ಅದಕ್ಕೇ ಮಳೆಗೆ ಮುಂಚೆ ಮರಗಸಿ ಮಾಡಬೇಕು, ಗಿಡದ ನಡುಭಾಗ ಬಿಡಿಸಿ ಗಾಳಿ ಬೆಳಕು ಬಿಡಬೇಕು, ಮಳೆಯ ನಡುವೆ ಹೊಳವಾದಾಗ ಕಪ್ಪಾದ ಎಲೆಗಳನ್ನು ಆಯ್ದು ತೆಗೆದು ಹೂಳಬೇಕು ಇಲ್ಲವೇ ಸುಡಬೇಕು. ಈ ಕೆಲಸಗಳ ಪಟ್ಟಿ ಇಂದಿನ ಶಿಫಾರಸುಗಳಲ್ಲೂ ಇದೆ. ಕೊಳೆ ಎಂಬ ಹೆಸರು ಗೊತ್ತಿದ್ದವನಿಗೆ ಈ ಪಟ್ಟಿಯ ಅರ್ಧ ತಾನಾಗಿ ಹೊಳೆಯುತ್ತದೆ. ಪೆಲಿಕ್ಯುಲೇರಿಯಾ ಎಂಬ ಹೆಸರಷ್ಟೇ ಗೊತ್ತಿದ್ದವನಿಗೆ ಹೊಳೆಯುವುದಿಲ್ಲ.

ಇಲ್ಲಿಗೆ ನಮ್ಮ ಪದದ ಪರವಾಗಿ ತೀರ್ಪು ಬರೆದು ಮುಗಿಸಬಹುದಿತ್ತು. ಆದರೆ ಮಲೆನಾಡಿನಲ್ಲಿ ಕೊಳೆರೋಗ ಅಂದ ಕೂಡಲೇ ಹೆಚ್ಚಿನವರು ನೆನೆಯುವುದು ಕಾಫಿಯನ್ನಲ್ಲ, ಅಡಿಕೆಯನ್ನು. ಅಡಿಕೆಯ ಕೊಳೆ ಎಲೆಯ ರೋಗವಲ್ಲ, ಕಾಯಿಯದು. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಅದಕ್ಕೆ ಮಹಾಳಿ ಎಂಬ ಹೆಸರೂ ಇದೆ. ಮಳೆ ಹಿಡಿದ ಮೇಲೆ ಎಳೆ ಅಡಿಕೆಯ ತೊಟ್ಟಿನ ಹತ್ತಿರ ನೀರು ತುಂಬಿದಂಥ ಕಲೆ ಮೂಡುತ್ತದೆ, ಕಾಯಿಗಳು ಉದುರುತ್ತವೆ, ಉದುರಿದ ಕಾಯಿಯ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ. ನೋಡನೋಡುತ್ತ ಗೊನೆ ಬರಿದಾಗುತ್ತದೆ. ಹಿಂದೆ ಇದಕ್ಕೆ ಗೊತ್ತಿದ್ದ ಉಪಾಯ ಕೊಟ್ಟೆ ಕಟ್ಟುವುದು. ಮಳೆಗೆ ಮುಂಚೆ ಮರ ಹತ್ತಿ ಗೊನೆಗೆ ಟೋಪಿ ಹಾಕಿದ ಹಾಗೆ ಹೊದಿಕೆ ಕಟ್ಟಿ ನೀರು ತಾಗದಂತೆ ಮಾಡುತ್ತಿದ್ದರು. ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡದವರೂ ಕೆಡುಕು ನೀರಿನ ಜೊತೆಗೆ ಬರುತ್ತದೆ ಎಂದು ತಿಳಿದಿದ್ದರು.

1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಕೀಟ ಮತ್ತು ಶಿಲೀಂಧ್ರ ಎರಡೂ ಅವರ ಹೊಣೆ. ಮುಂದೆ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು, ಹೆಬ್ಬಾಳದ ಕೃಷಿ ಶಾಲೆಗೆ ಕಾರಣರಾದರು. ಬಂದ ಹೊಸದರಲ್ಲಿ ಅವರು ಕೈಗೆತ್ತಿಕೊಂಡದ್ದು ಅಡಿಕೆಯ ಕೊಳೆರೋಗವನ್ನು. 1910ರಲ್ಲಿ ಪ್ರಕಟವಾದ ಅವರ ವರದಿಯ ಶೀರ್ಷಿಕೆಯಲ್ಲೇ ಆ ಕನ್ನಡ ಪದ ಇದೆ. ರೋಗಕ್ಕೆ ಕಾರಣವಾದದ್ದು ಫೈಟಾಫ್ತೊರಾ ಕುಲಕ್ಕೆ ಸೇರಿದ ಜೀವಿ ಎಂದು ಅವರು ತೋರಿಸಿದರು. ಮಳೆಗೆ ಮೊದಲೇ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆದರೆ ಬೆಳೆ ಉಳಿಯುತ್ತದೆ ಎಂದೂ ತೋರಿಸಿದರು.

ಬೋರ್ಡೋ ದ್ರಾವಣದ ಹುಟ್ಟು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಅಲ್ಲಿನವರು ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಸುತ್ತೆಲ್ಲ ಬೂಷ್ಟು ರೋಗ ಹರಡಿದ ವರ್ಷ ಆ ಬಳ್ಳಿಗಳು ಮಾತ್ರ ಹಸಿರಾಗಿದ್ದುದನ್ನು ಪಿಯರ್ ಮಿಲ್ಯಾರ್ಡೆ ಎಂಬ ಪ್ರೊಫೆಸರರು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಕಾಲು ಶತಮಾನದೊಳಗೆ ಅದು ಮಲೆನಾಡಿನ ಅಡಿಕೆ ಮರದ ತುದಿಗೆ ಏರಿತ್ತು. ಈಗಲೂ ಲೆಕ್ಕ ಅದೇ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಕತ್ತಿಯೊಂದನ್ನು ಅದ್ದಿ ತೆಗೆಯುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ನವಿಲುಗಣ್ಣು ಬಂದ ಆಲಿವ್ ಮರಗಳಿಗೂ ತಾಮ್ರದ ಔಷಧಿಯನ್ನೇ ಹೊಡೆಯುತ್ತಾರೆ. ಮೈಲುತುತ್ತದ ಒಳಗೂ ಒಂದು ನವಿಲಿದೆ. ಸಂಸ್ಕೃತದಲ್ಲಿ ಅದು ಮಯೂರತುತ್ಥ, ನವಿಲಿನ ಕೊರಳ ಬಣ್ಣದ್ದು. ನವಿಲಿನ ಹೆಸರಿನ ರೋಗಕ್ಕೆ ನವಿಲಿನ ಹೆಸರಿನ ಮದ್ದು. ಇದು ಕೇವಲ ಆಕಸ್ಮಿಕ, ಆದರೆ ಹೆಸರಿಡುವವರು ಎಲ್ಲ ಕಡೆಯೂ ಮೊದಲು ಕಣ್ಣನ್ನು ನಂಬುತ್ತಾರೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ.

ಈಗ ಗಂಟು ಬಿಗಿಯಾಗುತ್ತದೆ. ಕಾಫಿ ಎಲೆಯನ್ನು ಕೊಳೆಸುವುದು ನಿಜವಾದ ಶಿಲೀಂಧ್ರ, ಅಣಬೆಗಳ ದೂರದ ನೆಂಟ. ಅಡಿಕೆಯನ್ನು ಕೊಳೆಸುವ ಫೈಟಾಫ್ತೊರಾ ನೋಡಲು ಬೂಷ್ಟಿನಂತೆ ಇದ್ದರೂ ಆ ವಂಶದ್ದಲ್ಲ. ಅದು ಊಮೈಸೀಟ್ ಎಂಬ ಬೇರೆಯೇ ಗುಂಪಿನದು, ಸಮುದ್ರದ ಕಂದು ಪಾಚಿಗಳಿಗೆ ಹತ್ತಿರದ್ದು. ಅದರ ಬೀಜಾಣುಗಳು ಬಾಲ ಬಡಿಯುತ್ತ ನೀರಿನಲ್ಲಿ ಈಜಬಲ್ಲವು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಹೊಲದಲ್ಲೇ ಕೊಳೆಸಿ ಕ್ಷಾಮ ತಂದದ್ದು ಇದೇ ಕುಲದ ಇನ್ನೊಂದು ಪ್ರಭೇದ. ಆ ಕುಲಕ್ಕೆ ಫೈಟಾಫ್ತೊರಾ ಎಂಬ ಹೆಸರನ್ನು ಜರ್ಮನಿಯ ಆಂಟನ್ ಡಿ ಬ್ಯಾರಿ ಕೊಟ್ಟದ್ದು ಯಾವಾಗ? 1876ರಲ್ಲಿ. ಕನ್ನಡಿಗರು ಒಂದೇ ಪದದಲ್ಲಿ ಕರೆಯುವ ಎರಡು ಕೇಡುಗಳಿಗೆ ಒಂದೇ ವರ್ಷ ಎರಡು ದೇಶದ ವಿದ್ವಾಂಸರು ಎರಡು ಹೆಸರು ಬರೆದರು. ಒಬ್ಬರು ಇನ್ನೊಬ್ಬರ ಜೀವಿಯನ್ನು ಕೊಳೆರೋಗದ ಜೊತೆ ಸೇರಿಸುವ ಪ್ರಶ್ನೆಯೇ ಇರಲಿಲ್ಲ. ಸೇರಿಸಿದ್ದು ನಮ್ಮ ಭಾಷೆ.

ಹಾಗಾದರೆ ನಮ್ಮವರು ತಪ್ಪಿದರೇ? ನನಗೆ ಹಾಗನ್ನಿಸುವುದಿಲ್ಲ. ಲ್ಯಾಟಿನ್ ಹೆಸರು ಕೇಳುವ ಪ್ರಶ್ನೆ: ನೀನು ಯಾರ ಮಗ? ತೋಟದ ಹೆಸರು ಕೇಳುವ ಪ್ರಶ್ನೆ: ನೀನು ಯಾವಾಗ ಬರುತ್ತೀಯ, ಬಂದರೆ ನಾನೇನು ಮಾಡಲಿ? ಎರಡೂ ಕೊಳೆಗಳು ಮಳೆಯ ಜೊತೆ ಬರುತ್ತವೆ. ಎರಡಕ್ಕೂ ತೇವ ಆರಿಸುವುದು, ಕೊಳೆತದ್ದನ್ನು ಆಯ್ದು ಹೊರಹಾಕುವುದು, ಮಳೆಗೆ ಮುಂಚೆ ಎಚ್ಚರವಾಗುವುದು ಮದ್ದು. ತಾಮ್ರ ಬಂದಾಗಲೂ ಈ ವಿಂಗಡಣೆ ಸರಿಯಾಗೇ ಉಳಿಯಿತು, ಏಕೆಂದರೆ ತಾಮ್ರ ವಂಶ ನೋಡುವುದಿಲ್ಲ. ಬೋರ್ಡೋ ದ್ರಾವಣ ಕಾಫಿಯ ಕೊಳೆಗೂ ಆಗುತ್ತದೆ, ಅಡಿಕೆಯ ಕೊಳೆಗೂ ಆಗುತ್ತದೆ. ಬಹುಕಾಲ ಒಂದೇ ಪದ ಸಾಕಾಯಿತು.

ಶಾಸ್ತ್ರದ ಕಡೆ ಆ ಪದದ ಬದುಕು ಅಷ್ಟು ನೆಮ್ಮದಿಯದಾಗಿರಲಿಲ್ಲ. 1910ರಲ್ಲಿ ಹೋನೆಲ್ ಎಂಬ ಆಸ್ಟ್ರಿಯದ ತಜ್ಞರು ಅದನ್ನು ಕಾರ್ಟಿಸಿಯಂ ಕುಲಕ್ಕೆ ವರ್ಗ ಮಾಡಿದರು. ಕೊಲೆರೋಗಾ ಹಾಗೇ ಉಳಿದು ಕುಲದ ಹೆಸರು ಬದಲಾಯಿತು. 1943ರಲ್ಲಿ ಅಮೆರಿಕದ ಡೊನಾಲ್ಡ್ ರಾಜರ್ಸ್ ಪೆಲಿಕ್ಯುಲೇರಿಯಾ ಕುಲವನ್ನೇ ಮತ್ತೆ ಪರಿಶೀಲಿಸಿದರು. ಕುಕ್ ಕೊಟ್ಟ ಮೂಲ ವಿವರಣೆಯ ಬಗ್ಗೆ ತಕರಾರು ಬೆಳೆಯಿತು. 1949ರಲ್ಲಿ ಎಸ್. ವಿ. ವೆಂಕಟರಾಯನ್ ಈ ಹೆಸರು ಊರ್ಜಿತವೇ ಎಂಬ ಪ್ರಶ್ನೆಯ ಮೇಲೆಯೇ 'ಇಂಡಿಯನ್ ಫೈಟೋಪೆಥಾಲಜಿ' ಪತ್ರಿಕೆಯಲ್ಲಿ ಲೇಖನ ಬರೆದರು. ಅಡಿಕೆಯ ಫೈಟಾಫ್ತೊರಾ ಬಗ್ಗೆ 1932ರಲ್ಲೇ ಬರೆದಿದ್ದವರು ಅವರು. ಅಂದರೆ ಎರಡು ಕೊಳೆಗಳನ್ನೂ ಬಲ್ಲವರು. 1958ರಲ್ಲಿ ಡಚ್ ವಿದ್ವಾಂಸ ಡಾಂಕ್ ಜಗಳ ಬಗೆಹರಿಸಲು ಹೊಸ ಹೆಸರು ಕೊಟ್ಟರು: ಕೊಲೆರೋಗಾ ನಾಕ್ಸಿಯಾ. ಪ್ರಭೇದದ ಹೆಸರಾಗಿದ್ದ ಕನ್ನಡ ಪದ ಬಡ್ತಿ ಪಡೆದು ಕುಲದ ಹೆಸರಾಯಿತು. ನಾಕ್ಸಿಯಾ ಅಂದರೆ ಕೇಡಿನದು. ಎರಡು ಭಾಷೆ ಸೇರಿಸಿ ಓದಿದರೆ 'ಕೇಡಿನ ಕೊಳೆರೋಗ'. 1999ರಲ್ಲಿ ಪೀಟರ್ ರಾಬರ್ಟ್ಸ್ ಅದನ್ನು ಸೆರಾಟೊಬೆಸಿಡಿಯಂ ಕುಲಕ್ಕೆ ಒಯ್ದಾಗ ಕನ್ನಡ ಪದಕ್ಕೆ ಜಾಗ ಹೋಯಿತು. ವಿದೇಶಗಳ ಸಸ್ಯರೋಗದ ಪುಸ್ತಕಗಳಲ್ಲಿ ರೋಗದ ಸಾಮಾನ್ಯ ಹೆಸರಾಗಿ ಮಾತ್ರ ಕೊಲೆರೋಗ ಇನ್ನೂ ಸಿಗುತ್ತದೆ.

ವಂಶ ಹುಡುಕುವ ಈ ಹೆಸರುಗಳ ಓಡಾಟವನ್ನು ನೋಡಿ ನಗುವುದು ಸುಲಭ. ಆದರೆ ಅದೇ ಹುಡುಕಾಟ ಏನು ಕೊಡಬಲ್ಲದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಆ ಹೊತ್ತಿಗೆ ಬೆಳೆಗಾರರನ್ನು ಒಂದು ವಿಚಿತ್ರ ಕಾಡುತ್ತಿತ್ತು. ಮೈಸೂರಿನ ತೋಟವೊಂದರಲ್ಲಿ ಆಯ್ದು ಬೆಳೆಸಿದ ಕೆಂಟ್ಸ್ ಎಂಬ ತಳಿಗೆ ಮೊದಮೊದಲು ಎಲೆತುಕ್ಕು ಹಿಡಿಯುತ್ತಿರಲಿಲ್ಲ. ಜನ ಅದನ್ನೇ ನೆಟ್ಟರು. ಕೆಲವು ವರ್ಷಗಳಲ್ಲಿ ಅದಕ್ಕೂ ಹಿಡಿಯತೊಡಗಿತು. ತಳಿ ಕೆಟ್ಟಿತೇ, ಮಣ್ಣು ಕೆಟ್ಟಿತೇ? ಬಾಳೆಹೊನ್ನೂರಿನ ವಿಲ್ಸನ್ ಮೇನ್ 1932ರಲ್ಲಿ ಉತ್ತರ ಪ್ರಕಟಿಸಿದರು. ಕೆಟ್ಟದ್ದು ತಳಿಯಲ್ಲ. ತುಕ್ಕು ಒಂದೇ ಅಲ್ಲ, ಅದರೊಳಗೆ ಬೇರೆ ಬೇರೆ ಬಗೆಗಳಿವೆ, ಒಂದು ಬಗೆಯನ್ನು ತಡೆಯುವ ಗಿಡ ಇನ್ನೊಂದಕ್ಕೆ ಸೋಲುತ್ತದೆ. ಕಾಫಿ ತುಕ್ಕಿನ ವಿಷಯದಲ್ಲಿ ಜಗತ್ತಿಗೆ ಈ ಮಾತು ಮೊದಲು ತಿಳಿದದ್ದು ಭದ್ರಾ ನದಿಯ ದಂಡೆಯಿಂದ. 1940ರ ದಶಕದಲ್ಲಿ ಅಲ್ಲಿಂದಲೇ ಬಂದ ಎಸ್. 795 ತಳಿ ಇವತ್ತಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ನಿಂತಿದೆ. ಮೇನ್ ಕಂಡ ವ್ಯತ್ಯಾಸ ಬರಿಗಣ್ಣಿಗೆ ಕಾಣುವಂಥದಲ್ಲ. ಎಲೆಯ ಮೇಲೆ ಎಲ್ಲ ಬಗೆಯ ತುಕ್ಕೂ ಒಂದೇ ಕಿತ್ತಳೆ ಪುಡಿ. ಇಲ್ಲಿ ನೋಟದ ಹೆಸರು, ಕಾಲದ ಹೆಸರು ಎರಡೂ ಕೈಕೊಡುತ್ತವೆ.

ಇದು ಹಳೆಯ ಕಥೆಯಾಗಿ ಮುಗಿದಿಲ್ಲ. ಕೆಲವು ವರ್ಷಗಳಿಂದ ಮಲೆನಾಡಿನ ಅಡಿಕೆ ತೋಟಗಳಲ್ಲಿ ಎಲೆಚುಕ್ಕಿ ರೋಗ ಹರಡಿದೆ. ಕೆಳಗಿನ ಸೋಗೆಗಳಲ್ಲಿ ಹಳದಿ ಅಂಚಿನ ಕಂದು ಚುಕ್ಕಿಗಳು ಮೂಡುತ್ತವೆ, ಚುಕ್ಕಿಗಳು ಕೂಡಿಕೊಳ್ಳುತ್ತವೆ, ಸೋಗೆ ಸುಟ್ಟ ಹಾಗೆ ಒಣಗುತ್ತದೆ. ಹಸಿರಿಲ್ಲದ ಮರ ಗೊನೆಗೆ ಏನು ಕೊಟ್ಟೀತು? ಕಳಸ, ಶೃಂಗೇರಿ, ತೀರ್ಥಹಳ್ಳಿ, ಹೊಸನಗರದ ಕಡೆ ಕೆಲವರು ತೋಟವನ್ನೇ ಕೈಬಿಡುವ ಮಾತಾಡುತ್ತಿದ್ದಾರೆ. ಹೆಸರು ಮತ್ತೆ ನೋಟದ್ದೇ, ಚುಕ್ಕಿ. ಕಾರಣವಾದದ್ದು ಮುಖ್ಯವಾಗಿ ಕೊಲೆಟೋಟ್ರೈಕಮ್ ಕುಲದ ನಿಜವಾದ ಶಿಲೀಂಧ್ರಗಳು ಎಂದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ಗುರುತಿಸಿದ್ದಾರೆ.

ತೀರ್ಥಹಳ್ಳಿ ಕಡೆಯಿರುವ ನನ್ನ ದೊಡ್ಡಪ್ಪನ ತೋಟಕ್ಕೂ ಅದು ಬಂದಿದೆ. ಅವರ ಪಕ್ಕದ ತೋಟದವರು ಕೊಳೆಗೆ ಹೊಡೆಸಿ ಉಳಿದ ಪುಡಿಯನ್ನೇ ಸೋಗೆಗೂ ಹೊಡೆಸುವವರಿದ್ದರಂತೆ. ಅದರಲ್ಲಿದ್ದದ್ದು ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್. ಮೆಟಲಾಕ್ಸಿಲ್ 1970ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಔಷಧಿ. ತಾಮ್ರದಂತೆ ಅದು ಎಲ್ಲರನ್ನೂ ಹೊಡೆಯುವುದಿಲ್ಲ. ಊಮೈಸೀಟ್ ಗುಂಪನ್ನು ಆರಿಸಿ ಹೊಡೆಯುತ್ತದೆ, ನಿಜವಾದ ಶಿಲೀಂಧ್ರಗಳನ್ನು ಮುಟ್ಟುವುದಿಲ್ಲ. ಅಡಿಕೆಯ ಕೊಳೆಗೆ ಅದು ಸರಿ. ಎಲೆಚುಕ್ಕಿಗೆ ಹೊಡೆದರೆ ಮ್ಯಾಂಕೋಜೆಬ್ ಒಂದಿಷ್ಟು ಕೆಲಸ ಮಾಡೀತು, ದುಬಾರಿಯಾದ ಇನ್ನರ್ಧ ಗಾಳಿಗೆ ಹೋದಂತೆ. ಕಾಫಿಯ ಕೊಳೆಗೆ ಹೊಡೆದರೂ ಅಷ್ಟೇ. ಒಂದೇ ಹೆಸರಿನ ಎರಡು ಕೊಳೆಗಳು ದಾರಿ ಅಗಲಿದ್ದು ಇಲ್ಲಿ. ಮದ್ದು ವಂಶ ನೋಡತೊಡಗಿದ ದಿನ, ವಂಶ ಹೇಳುವ ಹೆಸರು ವಿದ್ವಾಂಸರ ಚಟವಾಗಿ ಉಳಿಯಲಿಲ್ಲ. ಕೊನೆಗಾರನ ಕೂಲಿ, ಔಷಧಿಯ ದುಡ್ಡು, ಒಂದು ವರ್ಷದ ಫಸಲು ಎಲ್ಲ ಅದಕ್ಕೆ ಕಟ್ಟಿಕೊಂಡಿತು.

ನಾನು ಇದನ್ನು ಫೋನಿನಲ್ಲಿ ಹೇಳಹೊರಟಾಗ ದೊಡ್ಡಪ್ಪ ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಅದು ಕೊಳೆ ಅಲ್ಲ ಮಾರಾಯ, ನಂಗೊತ್ತು. ಕೊಳೆ ಆದ್ರೆ ಕಾಯಿಗೆ ಬರ್ತದೆ, ಮಳೆ ಬಿಟ್ರೆ ಅದೂ ಬಿಡ್ತದೆ. ಇದು ಎಲೆ ತಿಂತದೆ, ಮಳೆ ಬಿಟ್ಟ ಮೇಲೂ ಕೂತ್ಕಂಡು ತಿಂತದೆ. ಬೇರೆ ಜಾತಿದು ಇದು" ಅಂದರು. ಅವರು ಸೂಕ್ಷ್ಮದರ್ಶಕ ಕಂಡವರಲ್ಲ. ಕೊಳೆ ಎಂಬ ಪದವನ್ನು ಐವತ್ತು ಮಳೆಗಾಲ ಬಳಸಿದ್ದರಿಂದ ಅದರ ಗಡಿ ಅವರಿಗೆ ಗೊತ್ತಿತ್ತು. ಯಾವುದು ಅದರೊಳಗೆ ಸೇರುವುದಿಲ್ಲ ಎಂದು ಹೇಳಬಲ್ಲವರಾಗಿದ್ದರು. ಆದರೆ ಹಾಗಾದರೆ ಇದು ಏನು, ಇದಕ್ಕೆ ಏನು ಹೊಡೆಯಬೇಕು ಎಂಬಲ್ಲಿಗೆ ಅವರ ಪದ ನಿಂತಿತು. ಮುಂದಿನದಕ್ಕೆ ಅವರು ಚುಕ್ಕಿ ಬಿದ್ದ ಸೋಗೆಯ ತುಂಡುಗಳನ್ನು ಹಾಳೆಯಲ್ಲಿ ಸುತ್ತಿ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಹೋದರು.

ಆಗ ಲಂಡನ್ನಿಗೆ ಹೋಗಿದ್ದವೂ ಇಂಥ ಎಲೆಗಳೇ. ವ್ಯತ್ಯಾಸ ಇಷ್ಟೇ: ಆಗ ಎಲೆಯ ಜೊತೆ ಹೆಸರು ಮಾತ್ರ ಹೋಯಿತು, ಹೆಸರು ಹೇಳಿದವರು ಹೋಗಲಿಲ್ಲ. ಈಗ ಎಲೆಯನ್ನು ಹಿಡಿದು ಹೋದವರು ಎದುರಿಗೆ ಕೂತು ಕೇಳಬಹುದು, ವಾದಿಸಬಹುದು, ಸೋಗೆ ಕಡಿದು ಸುಡುವುದೋ ಔಷಧಿ ಹೊಡೆಸುವುದೋ ಎಂದು ಲೆಕ್ಕ ಹಾಕಬಹುದು. ಕೊಳೆ ಎಂಬ ಪದ ಯಾವಾಗ ಎಚ್ಚರವಾಗಬೇಕು ಎಂದು ಕಲಿಸಿತು. ಲ್ಯಾಟಿನ್ ಹೆಸರು ಯಾರ ಮೇಲೆ ಎಂದು ಕಲಿಸಿತು. ಮಲೆನಾಡಿನ ಮಕ್ಕಳು ಸಸ್ಯಶಾಸ್ತ್ರ ಓದುವಾಗ ಎರಡನ್ನೂ ಒಂದೇ ಪುಟದಲ್ಲಿ ಓದಲಿ ಎಂಬುದು ನನ್ನ ಆಸೆ. ಸೆರಾಟೊಬೆಸಿಡಿಯಂ ಎಂದು ಬರೆದ ಕಡೆ ಪಕ್ಕದಲ್ಲಿ ಕೊಳೆ ಎಂದೂ ಇರಲಿ, ಕೊಳೆ ಎಂದು ಬರೆದ ಕಡೆ ಯಾವ ಕೊಳೆ ಎಂದೂ ಕೇಳಲಿ.